ನೆಕ್ಕರ್ ತೀರದ ಪಟ್ಟಣಗಳು: ಭೂಗೋಳ ಮತ್ತು ಇತಿಹಾಸ

ಜರ್ಮನಿಯ ನೈಋತ್ಯ ಭಾಗದ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಜೀವನಾಡಿ ನೆಕ್ಕರ್ ನದಿ. ಬ್ಲ್ಯಾಕ್ ಫಾರೆಸ್ಟ್ ಪರ್ವತಗಳ ಪೂರ್ವ ಅಂಚಿನಲ್ಲಿ, ಸುಮಾರು 700 ಮೀಟರ್ ಎತ್ತರದ ಜೌಗುನೆಲದಲ್ಲಿ ಹುಟ್ಟುವ ಈ ನದಿ ಸುಮಾರು 360 ಕಿ.ಮೀ. ಹರಿದು ಮಾನ್‌ಹೈಮ್ ಬಳಿ ರೈನ್ ನದಿಯನ್ನು ಕೂಡಿಕೊಳ್ಳುತ್ತದೆ. ಕಣಿವೆಯ ಇಳಿಜಾರುಗಳಲ್ಲಿ ದ್ರಾಕ್ಷಿ ತೋಟಗಳಿವೆ. ದಂಡೆಯುದ್ದಕ್ಕೂ ಹಳೆಯ ಪಟ್ಟಣಗಳಿವೆ.

ಮಧ್ಯಯುಗದಲ್ಲಿ ಈ ಪಟ್ಟಣಗಳು ಎರಡು ಬಗೆಯವು. ವುರ್ಟೆಂಬರ್ಗ್ ಅರಸರಿಗೆ ಸೇರಿದವು ಕೆಲವಾದರೆ, ನೇರವಾಗಿ ಚಕ್ರವರ್ತಿಗೆ ಮಾತ್ರ ಅಧೀನವಾಗಿದ್ದ ಸಾಮ್ರಾಜ್ಯ ನಗರಗಳು ಮತ್ತೆ ಕೆಲವು. ಎರಡನೆಯ ಬಗೆಯವು ತಮ್ಮದೇ ಆಡಳಿತ ಮಂಡಳಿ, ನ್ಯಾಯಾಲಯ ಮತ್ತು ಕೋಟೆಗೋಡೆಗಳನ್ನು ಹೊಂದಿದ್ದವು. ಈ ವ್ಯತ್ಯಾಸವೇ ಅವುಗಳ ಇತಿಹಾಸವನ್ನು ಬಹುಕಾಲ ರೂಪಿಸಿತು.

ನದಿಯ ಮೇಲ್ಭಾಗದಲ್ಲಿರುವ ರಾಟ್‌ವೈಲ್ ಕ್ರಿ.ಶ. 73ರಲ್ಲಿ ರೋಮನ್ನರು ನೆಲೆಗೊಳಿಸಿದ ಪಟ್ಟಣ. ರಾಜ್ಯದ ಅತ್ಯಂತ ಪ್ರಾಚೀನ ಪಟ್ಟಣವೆಂಬ ಹೆಗ್ಗಳಿಕೆ ಇದರದು. ಸಾಮ್ರಾಜ್ಯ ನಗರವಾಗಿದ್ದ ಇದು 1463ರಲ್ಲಿ ಸ್ವಿಸ್ ಒಕ್ಕೂಟದೊಡನೆ ಮೈತ್ರಿ ಮಾಡಿಕೊಂಡಿತು. ರಾಟ್‌ವೈಲರ್ ನಾಯಿತಳಿಗೆ ಈ ಊರಿನದೇ ಹೆಸರು.

ಟ್ಯೂಬಿಂಗನ್ ಅರಸರ ಪಟ್ಟಣ. ಇಲ್ಲಿನ ವಿಶ್ವವಿದ್ಯಾಲಯವನ್ನು 1477ರಲ್ಲಿ ಕೌಂಟ್ ಎಬರ್‌ಹಾರ್ಡ್ ಸ್ಥಾಪಿಸಿದನು. ಖಗೋಳ ವಿಜ್ಞಾನಿ ಕೆಪ್ಲರ್ ಇಲ್ಲಿಯೇ ಓದಿದವನು. ಸಾಲದಲ್ಲಿ ಮುಳುಗಿದ್ದ ಡ್ಯೂಕ್ ಉಲ್ರಿಚ್ 1514ರಲ್ಲಿ ಇಲ್ಲಿ ಪ್ರಜಾವರ್ಗಗಳ ಪ್ರತಿನಿಧಿಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅವರು ಸಾಲದ ಹೊರೆ ಹೊತ್ತರು. ಪ್ರತಿಯಾಗಿ, ವಿಚಾರಣೆಯಿಲ್ಲದೆ ಯಾರನ್ನೂ ದಂಡಿಸುವುದಿಲ್ಲವೆಂಬ ವಾಗ್ದಾನ ಪಡೆದರು. ಕನ್ನಡಿಗರಿಗೂ ಈ ಊರು ಪರಕೀಯವಲ್ಲ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಈ ವಿಶ್ವವಿದ್ಯಾಲಯವೇ. ಅವರು 1903ರಲ್ಲಿ ನಿಧನರಾದದ್ದೂ ಈ ಊರಿನಲ್ಲಿಯೇ.

ಕೆಳಗೆ ಎಸ್ಲಿಂಗನ್ ಇದೆ. ದ್ರಾಕ್ಷಾರಸದ ವ್ಯಾಪಾರದಿಂದ ಬೆಳೆದ ಈ ಸಾಮ್ರಾಜ್ಯ ನಗರಕ್ಕೂ, ಸಮೀಪದ ಸ್ಟಟ್‌ಗಾರ್ಟ್‌ನಿಂದ ಆಳುತ್ತಿದ್ದ ವುರ್ಟೆಂಬರ್ಗ್ ಅರಸರಿಗೂ ದೀರ್ಘಕಾಲದ ವೈರವಿತ್ತು. ಕುದುರೆ ಸಾಕಣೆಯ ತಾಣದಿಂದ ಹೆಸರು ಪಡೆದ ಸ್ಟಟ್‌ಗಾರ್ಟ್ ಇಂದು ರಾಜ್ಯದ ರಾಜಧಾನಿ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಅವರು 1811ರಲ್ಲಿ ಹುಟ್ಟಿದ್ದು ಇನ್ನೂ ಉತ್ತರಕ್ಕಿರುವ ಬ್ರಾಕೆನ್‌ಹೈಮ್ ಎಂಬ ಪುಟ್ಟ ಪಟ್ಟಣದಲ್ಲಿ. ಪಶ್ಚಿಮ ಜರ್ಮನಿಯ ಪ್ರಥಮ ಅಧ್ಯಕ್ಷ ಥಿಯೋಡರ್ ಹಾಯ್ಸ್ 1884ರಲ್ಲಿ ಜನಿಸಿದ್ದೂ ಅಲ್ಲಿಯೇ.

ನೆಪೋಲಿಯನ್ನನ ಕಾಲದಲ್ಲಿ ಹಳೆಯ ವ್ಯವಸ್ಥೆ ಕುಸಿಯಿತು. 1802-03ರಲ್ಲಿ ರಾಟ್‌ವೈಲ್, ಎಸ್ಲಿಂಗನ್ ಮತ್ತು ಹೈಲ್‌ಬ್ರಾನ್ ತಮ್ಮ ಸ್ವಾತಂತ್ರ್ಯವನ್ನು ಕಳೆದುಕೊಂಡು ವುರ್ಟೆಂಬರ್ಗ್‌ಗೆ ಸೇರಿದವು. ಶತಮಾನಗಳ ಕಾಲ ಕೋಟೆಗೋಡೆಗಳು ಕಾಪಾಡಿದ್ದ ಹಕ್ಕು ಒಂದು ರಾಜಕೀಯ ವ್ಯವಹಾರದಲ್ಲಿ ಅಳಿಸಿಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪಟ್ಟಣಗಳ ಹಣೆಬರಹ ಮತ್ತೆ ಬೇರೆಯಾಯಿತು. 1944ರ ಡಿಸೆಂಬರ್ 4ರ ರಾತ್ರಿಯ ಬಾಂಬ್ ದಾಳಿಯಲ್ಲಿ ಹೈಲ್‌ಬ್ರಾನ್‌ನ ಹಳೆಯ ಪೇಟೆ ಸುಟ್ಟು ಬೂದಿಯಾಯಿತು. 6,500ಕ್ಕೂ ಹೆಚ್ಚು ಜನ ಮಡಿದರು. ಸ್ಟಟ್‌ಗಾರ್ಟ್ ಕೂಡ ತೀವ್ರ ಹಾನಿಗೊಳಗಾಯಿತು. ಟ್ಯೂಬಿಂಗನ್ ಮತ್ತು ಎಸ್ಲಿಂಗನ್ ಬಹುಮಟ್ಟಿಗೆ ಪಾರಾದವು. ಆದುದರಿಂದಲೇ ಮಧ್ಯಯುಗದ ಮರದ ಚೌಕಟ್ಟಿನ ಮನೆಗಳ ಸಾಲನ್ನು ಇಂದು ಕಾಣಬಯಸುವವರು ಈ ಎರಡು ಊರುಗಳಿಗೆ ಹೋಗುತ್ತಾರೆ. ಹೈಲ್‌ಬ್ರಾನ್ ಯುದ್ಧಾನಂತರ ಪುನರ್ನಿರ್ಮಾಣಗೊಂಡ ನಗರವಾಗಿದೆ.

ನದಿಯೂ ಮೊದಲಿನಂತಿಲ್ಲ. ಅಣೆಕಟ್ಟು ಮತ್ತು ಜಲದ್ವಾರಗಳ ನೆರವಿನಿಂದ ಹಡಗು ಸಂಚಾರ ಮಾನ್‌ಹೈಮ್‌ನಿಂದ 1935ರಲ್ಲಿ ಹೈಲ್‌ಬ್ರಾನ್‌ವರೆಗೆ, 1958ರಲ್ಲಿ ಸ್ಟಟ್‌ಗಾರ್ಟ್‌ವರೆಗೆ, 1968ರಲ್ಲಿ ಎಸ್ಲಿಂಗನ್ ದಾಟಿ ಪ್ಲೋಕಿಂಗನ್‌ವರೆಗೆ ವಿಸ್ತರಿಸಿತು. ಒಂದು ಕಾಲಕ್ಕೆ ಪರಸ್ಪರ ವೈರಿಗಳಾಗಿದ್ದ ಊರುಗಳನ್ನು ಇಂದು ಒಂದೇ ಜಲಮಾರ್ಗ ಜೋಡಿಸಿದೆ.