ಲಿಲಿತಳ ಕಥೆ ಮತ್ತು ಕ್ರೈಸ್ತ ಶಾಸ್ತ್ರಗ್ರಂಥ: ಹಸ್ತಪ್ರತಿಗಳ ಸಾಕ್ಷ್ಯ

ಪ್ರಾಚೀನ ಗ್ರಂಥವೊಂದರಲ್ಲಿ ನಾವು ನಿರೀಕ್ಷಿಸಿದ ಹೆಸರು ಕಾಣದಿದ್ದಾಗ ಅದನ್ನು ಯಾರೋ ಬೇಕೆಂದೇ ತೆಗೆದುಹಾಕಿರಬೇಕೆಂದು ಊಹಿಸುವುದು ಸುಲಭ. ಆದರೆ ಹಸ್ತಪ್ರತಿಗಳ ನಡುವೆ ದಿನ ಕಳೆದವರಿಗೆ ಈ ಊಹೆ ಅಷ್ಟು ಬೇಗ ಒಪ್ಪಿಗೆಯಾಗುವುದಿಲ್ಲ. ಇಲ್ಲದಿರುವುದರಲ್ಲಿಯೂ ಹಲವು ಬಗೆಗಳುಂಟು. ಮೂಲದಲ್ಲಿಯೇ ಆ ಹೆಸರು ಇಲ್ಲದಿರಬಹುದು. ಮೂಲದಲ್ಲಿದ್ದುದು ಲಿಪಿಕಾರನ ಕೈತಪ್ಪಿನಿಂದ ಬಿಟ್ಟುಹೋಗಿರಬಹುದು. ಭಾಷಾಂತರಕಾರನ ಕೈಯಲ್ಲಿ ಬೇರೊಂದು ಪದವಾಗಿ ಮಾರ್ಪಟ್ಟಿರಬಹುದು. ಅಥವಾ ಆ ಹೆಸರನ್ನು ಹೊತ್ತ ಗ್ರಂಥವೇ ಪ್ರಮಾಣಗ್ರಂಥಗಳ ಸಾಲಿನಿಂದ ಹೊರಗುಳಿದಿರಬಹುದು. ಈ ಭೇದಗಳನ್ನು ಪರಿಶೀಲಿಸದೆ ತೀರ್ಪು ಕೊಡುವುದು ಗ್ರಂಥಕ್ಕೂ ಅದನ್ನು ಕಾಪಾಡಿದ ಲಿಪಿಕಾರರಿಗೂ ಮಾಡುವ ಅನ್ಯಾಯ.

ಇದಕ್ಕೆ ತಕ್ಕ ನಿದರ್ಶನ ಯೆಹೂದ್ಯ ಜಾನಪದದ ಲಿಲಿತ್. ಈಕೆ ಹವ್ವಳಿಗಿಂತ ಮೊದಲು ಆದಾಮನ ಪತ್ನಿಯಾಗಿದ್ದಳು, ಅವನಿಗೆ ಅಧೀನಳಾಗಲು ಒಪ್ಪದೆ ಹೊರಟುಹೋದಳು ಎಂಬ ಕಥೆ ಇಂದು ಲೋಕಪ್ರಸಿದ್ಧವಾಗಿದೆ. ಅಮೆರಿಕದ ಯೆಹೂದ್ಯ ಸ್ತ್ರೀಯರು ೧೯೭೬ರಲ್ಲಿ ಆರಂಭಿಸಿದ ಪತ್ರಿಕೆಯೊಂದಕ್ಕೆ ಅವಳ ಹೆಸರನ್ನೇ ಇಟ್ಟರು. ಕಥೆ ಹರಡಿದಂತೆ ಅದರ ಬೆನ್ನಿಗೇ ಒಂದು ಆರೋಪವೂ ಹರಡಿತು: ಈ ವೃತ್ತಾಂತ ಮೊದಲು ಬೈಬಲಿನಲ್ಲಿತ್ತು, ಕ್ರೈಸ್ತ ಧರ್ಮಾಧಿಕಾರಿಗಳು ಅದನ್ನು ಅಳಿಸಿದರು ಎಂಬುದೇ ಆ ಆರೋಪ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಉಪಲಬ್ಧ ಹಸ್ತಪ್ರತಿಗಳ ಆಧಾರದಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಮೂಲದಲ್ಲಿರುವ ಒಂದೇ ಪದ

ಲಿಲಿತ್ ಎಂಬ ಹೆಸರು ಯೆಹೂದ್ಯರಲ್ಲಿಯೇ ಹುಟ್ಟಿದುದಲ್ಲ. ಮೆಸೊಪೊಟೇಮಿಯದ ಅಕ್ಕಾಡಿ ಭಾಷೆಯ ಮಂತ್ರಪಾಠಗಳಲ್ಲಿ ಲಿಲು, ಲಿಲಿತು, ಅರ್ದತ್ ಲಿಲಿ ಎಂಬ ಭೂತಗಳ ಹೆಸರುಗಳು ಬರುತ್ತವೆ. ಇವುಗಳ ಮೂಲ ಗಾಳಿ ಎಂಬರ್ಥದ ಸುಮೇರಿಯನ್ ಪದ ‘ಲಿಲ್’ ಎಂಬುದು ವಿದ್ವಾಂಸರ ಅಭಿಪ್ರಾಯ. ಹೀಬ್ರೂ ಭಾಷೆಯಲ್ಲಿ ರಾತ್ರಿಗೆ ‘ಲೈಲಾ’ ಎಂಬ ಪದವಿರುವುದರಿಂದ, ಧ್ವನಿಸಾಮ್ಯದ ಬಲದಿಂದ ಈ ಗಾಳಿಭೂತವು ಕಾಲಕ್ರಮದಲ್ಲಿ ಇರುಳಿನ ಭೂತವೂ ಆಯಿತು.

ಹೀಬ್ರೂ ಶಾಸ್ತ್ರಗ್ರಂಥದಲ್ಲೆಲ್ಲ ಈ ಪದ ಬರುವುದು ಒಂದೇ ಒಂದು ಕಡೆ, ಯೆಶಾಯನ ಗ್ರಂಥದ ೩೪ನೆಯ ಅಧ್ಯಾಯದ ೧೪ನೆಯ ವಚನದಲ್ಲಿ. ಎದೋಮ್ ದೇಶವು ಹಾಳಾಗುವ ಚಿತ್ರಣ ಅಲ್ಲಿದೆ. ಅರಮನೆಗಳಲ್ಲಿ ಮುಳ್ಳು ಬೆಳೆಯುತ್ತದೆ, ಕಾಡುಮೃಗಗಳು ಸೇರುತ್ತವೆ, ಅಂಥ ನಿರ್ಜನ ಸ್ಥಳದಲ್ಲಿ ಲಿಲಿತಳೂ ನೆಲೆ ಕಂಡುಕೊಳ್ಳುತ್ತಾಳೆ. ಇಷ್ಟೇ ವಿಷಯ. ಅವಳು ಯಾರು, ಯಾರ ಪತ್ನಿ, ಯಾವ ಕುಲದವಳು ಎಂಬ ಪ್ರಸ್ತಾಪವೇ ಇಲ್ಲ. ಆದಾಮನ ವೃತ್ತಾಂತವಿರುವ ಆದಿಕಾಂಡದಲ್ಲಿ ಈ ಹೆಸರು ಎಲ್ಲಿಯೂ ಬರುವುದಿಲ್ಲ.

ಈ ವಚನದ ಪಾಠವನ್ನು ಪರೀಕ್ಷಿಸಲು ನಮಗೆ ಎರಡು ಮುಖ್ಯ ಪ್ರತಿಗಳಿವೆ. ಒಂದು, ೧೯೪೭ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಯೆಶಾಯನ ಮಹಾಸುರುಳಿ. ಕ್ರಿ.ಪೂ. ೨ನೆಯ ಶತಮಾನದ್ದೆಂದು ಹೇಳಲಾಗುವ ಈ ಚರ್ಮದ ಸುರುಳಿ ಸುಮಾರು ೭ ಮೀಟರಿಗಿಂತ ಹೆಚ್ಚು ಉದ್ದವಾಗಿದ್ದು, ೫೪ ಅಂಕಣಗಳಲ್ಲಿ ಇಡೀ ಗ್ರಂಥವನ್ನು ಒಳಗೊಂಡಿದೆ. ಇನ್ನೊಂದು, ಕ್ರಿ.ಶ. ೧೦೦೮ರ ಸುಮಾರಿಗೆ ಕೈರೋ ನಗರದಲ್ಲಿ ಬರೆದು ಮುಗಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿರುವ ಹಸ್ತಪ್ರತಿ. ಇವೆರಡರ ನಡುವಿನ ಅಂತರ ಸಾವಿರದ ನೂರು ವರ್ಷಗಳಿಗೂ ಮೀರಿದುದು. ಕೈರೋ ಪ್ರತಿಯಲ್ಲಿ ಪದವು ಏಕವಚನದಲ್ಲಿದೆ. ಕುಮ್ರಾನ್ ಸುರುಳಿಯಲ್ಲಿ ಬಹುವಚನದಲ್ಲಿದೆ. ಪದದ ಮಟ್ಟಿಗೆ ಇರುವ ಪಾಠಾಂತರ ಇದೊಂದೇ, ಆದರೆ ಇದು ಬಹು ಮುಖ್ಯವಾದುದು. ಬಹುವಚನದಲ್ಲಿ ಬರೆದ ಲಿಪಿಕಾರನಿಗೆ ಲಿಲಿತ್ ಎಂಬುದು ಒಬ್ಬ ವ್ಯಕ್ತಿಯ ಅಂಕಿತನಾಮವಾಗಿರದೆ ಒಂದು ಭೂತವರ್ಗದ ಹೆಸರಾಗಿತ್ತು. ಇನ್ನೂ ಒಂದು ಅಂಶ ಗಮನಾರ್ಹ. ಅಳಿಸುವ ಮನಸ್ಸು ಯಾರಿಗಾದರೂ ಇದ್ದಿದ್ದರೆ ಈ ಒಂದು ಪದವನ್ನು ಅಳಿಸುವುದು ಎಷ್ಟು ಸುಲಭವಿತ್ತು! ಸಾವಿರ ವರ್ಷಗಳ ಪ್ರತಿಪರಂಪರೆಯಲ್ಲಿ ಹಾಗಾಗಲಿಲ್ಲ.

೨. ಭಾಷಾಂತರದಲ್ಲಿ ಕಳೆದುಹೋದ ಹೆಸರು

ಆದರೂ ಕ್ರೈಸ್ತ ವಾಚಕರಲ್ಲಿ ಬಹುಮಂದಿಗೆ ಈ ಹೆಸರು ಕಾಣಿಸದೆಹೋಯಿತು. ಇದಕ್ಕೆ ಕಾರಣ ಭಾಷಾಂತರ. ಕ್ರಿಸ್ತನಿಗಿಂತ ಮೊದಲೇ ಯೆಹೂದ್ಯರು ಮಾಡಿಕೊಂಡ, ಮುಂದೆ ಕ್ರೈಸ್ತರು ತಮ್ಮದಾಗಿಸಿಕೊಂಡ ಗ್ರೀಕ್ ಭಾಷಾಂತರದಲ್ಲಿ ಲಿಲಿತಳ ಸ್ಥಾನದಲ್ಲಿ ಅರ್ಧ ಮನುಷ್ಯ ಅರ್ಧ ಕತ್ತೆಯಾದ ಜೀವಿಗಳ ಹೆಸರಿದೆ. ಕ್ರಿ.ಶ. ೪ನೆಯ ಶತಮಾನದ ಕೊನೆಯಲ್ಲಿ ಹೀಬ್ರೂ ಮೂಲದಿಂದಲೇ ಲ್ಯಾಟಿನ್ನಿಗೆ ತಿರುಗಿಸತೊಡಗಿದ ಜೆರೋಮನು ‘ಲಾಮಿಯಾ’ ಎಂಬ ಪದವನ್ನು ಬಳಸಿದನು. ಲಾಮಿಯಾ ಎಂದರೆ ಮಕ್ಕಳನ್ನು ತಿನ್ನುವ ರಕ್ಕಸಿಯೆಂದು ಗ್ರೀಕರೂ ರೋಮನರೂ ನಂಬಿದ್ದರು. ತನ್ನ ವಾಚಕರಿಗೆ ತಿಳಿಯದ ಒಂದು ಭೂತದ ಬದಲಿಗೆ ತಿಳಿದ ಭೂತವನ್ನು ಜೆರೋಮನು ಇಟ್ಟನೆಂದು ಇದರಿಂದ ತಿಳಿಯುತ್ತದೆ.

೧೬೧೧ರ ಪ್ರಸಿದ್ಧ ಇಂಗ್ಲಿಷ್ ಭಾಷಾಂತರದಲ್ಲಿ ಭೂತ ಹೋಗಿ ಕಿರಿಚುವ ಗೂಬೆ ಬಂದಿತು; ಇರುಳಿನ ರಕ್ಕಸಿ ಎಂಬರ್ಥ ಪುಟದ ಅಂಚಿಗೆ ಸರಿಯಿತು. ೧೮೮೫ರ ಪರಿಷ್ಕರಣದಲ್ಲಿ ಅಂಚಿನಲ್ಲಿದ್ದ ರಕ್ಕಸಿ ಮೂಲಪಾಠಕ್ಕೆ ಮರಳಿದಳು; ಹೀಬ್ರೂವಿನಲ್ಲಿ ಲಿಲಿತ್ ಎಂದಿದೆ ಎಂಬ ಟಿಪ್ಪಣಿ ಅಂಚಿನಲ್ಲಿ ಸೇರಿತು. ೧೯೮೯ರ ಪರಿಷ್ಕರಣವೊಂದರಲ್ಲಿ ಲಿಲಿತ್ ಎಂಬ ಹೆಸರೇ ಪಾಠದಲ್ಲಿ ನಿಂತಿತು. ಹೀಗೆ ಕತ್ತೆಮನುಷ್ಯ, ಲಾಮಿಯಾ, ಗೂಬೆ, ರಕ್ಕಸಿ ಎಂದು ವೇಷ ಬದಲಿಸುತ್ತ ಹೆಸರು ಕೊನೆಗೆ ತನ್ನ ಮೂಲರೂಪಕ್ಕೆ ಬಂದಿತು. ಗೂಬೆಯೆಂದವರು ವಂಚಕರಾಗಿದ್ದರೆಂದು ಹೇಳಲಾಗದು. ಸುತ್ತಲಿನ ವಚನಗಳಲ್ಲಿ ಪ್ರಾಣಿಪಕ್ಷಿಗಳ ಹೆಸರುಗಳೇ ತುಂಬಿರುವಾಗ, ಒಂದೇ ಸಲ ಬರುವ ಪದಕ್ಕೆ ಸಂದರ್ಭದಿಂದ ಅರ್ಥ ಹುಡುಕುವುದು ಭಾಷಾಂತರಕಾರರು ಎಲ್ಲೆಡೆ ಅನುಸರಿಸುವ ಮಾರ್ಗ.

೩. ಪಂಡಿತರ ಮಾತು, ಮನೆಯ ಬಟ್ಟಲು

ಶಾಸ್ತ್ರಗ್ರಂಥದ ಹೊರಗೆ ಲಿಲಿತಳ ಬಾಳು ಬೇರೆಯೇ ಆಗಿತ್ತು. ಕುಮ್ರಾನಿನಲ್ಲಿಯೇ ದೊರೆತ, ೧೯೮೨ರಲ್ಲಿ ಪ್ರಕಟವಾದ ಸ್ತೋತ್ರವೊಂದರಲ್ಲಿ ಭಯಪಡಿಸಿ ಓಡಿಸಬೇಕಾದ ದುಷ್ಟಶಕ್ತಿಗಳ ಪಟ್ಟಿಯಿದ್ದು, ಅದರಲ್ಲಿ ಅವಳ ಹೆಸರಿದೆ. ಬಾಬಿಲೋನಿನ ತಾಲ್ಮುದಿನಲ್ಲಿ ಅವಳ ಪ್ರಸ್ತಾಪ ಕೆಲವೇ ಕಡೆಗಳಲ್ಲಿ ಬರುತ್ತದೆ: ಅವಳಿಗೆ ಉದ್ದ ಕೂದಲಿದೆ, ರೆಕ್ಕೆಗಳಿವೆ, ಮನೆಯಲ್ಲಿ ಒಂಟಿಯಾಗಿ ಮಲಗಿದವನನ್ನು ಅವಳು ಹಿಡಿಯುತ್ತಾಳೆ. ಆದಾಮನು ೧೩೦ ವರ್ಷ ಹವ್ವಳಿಂದ ದೂರವಿದ್ದಾಗ ಭೂತಗಳಿಗೆ ಜನ್ಮವಿತ್ತನೆಂಬ ಮಾತೂ ಅಲ್ಲಿದೆ. ಆದರೆ ಲಿಲಿತ್ ಆದಾಮನ ಮೊದಲ ಪತ್ನಿಯೆಂದು ಇಡೀ ತಾಲ್ಮುದಿನಲ್ಲಿ ಎಲ್ಲಿಯೂ ಹೇಳಿಲ್ಲ. ಕ್ರಿ.ಶ. ೫ನೆಯ ಶತಮಾನದ ಸುಮಾರಿನ ಆದಿಕಾಂಡದ ವ್ಯಾಖ್ಯಾನದಲ್ಲಿ ‘ಮೊದಲನೆಯ ಹವ್ವ’ ಒಬ್ಬಳಿದ್ದಳೆಂಬ ಸೂಚನೆಯಿದ್ದರೂ ಅವಳಿಗೆ ಹೆಸರಿಲ್ಲ. ಅವಳು ಮಣ್ಣಿಗೆ ಮರಳಿದಳೆಂದಷ್ಟೇ ಅಲ್ಲಿ ಹೇಳಿದೆ.

ಪಂಡಿತರು ಇಷ್ಟು ಮಿತವಾಗಿ ಮಾತನಾಡಿದ ಕಾಲದಲ್ಲಿ ಜನಸಾಮಾನ್ಯರು ಅವಳಿಗೆ ಎಷ್ಟು ಹೆದರುತ್ತಿದ್ದರೆಂಬುದನ್ನು ಮಣ್ಣಿನ ಬಟ್ಟಲುಗಳು ತೋರಿಸುತ್ತವೆ. ೧೮೮೮ರಲ್ಲಿ ಆರಂಭವಾದ ನಿಪ್ಪುರದ ಉತ್ಖನನದಲ್ಲಿ ಇಂಥ ಹಲವು ಬಟ್ಟಲುಗಳು ದೊರೆತವು; ಜೇಮ್ಸ್ ಮಾಂಟ್‌ಗೊಮೆರಿ ಇವುಗಳನ್ನು ೧೯೧೩ರಲ್ಲಿ ಪ್ರಕಟಿಸಿದನು. ಕ್ರಿ.ಶ. ೬-೭ನೆಯ ಶತಮಾನದ ಸುಮಾರಿನ ಈ ಬಟ್ಟಲುಗಳ ಒಳಮೈಯಲ್ಲಿ ಶಾಯಿಯಿಂದ ಅರಮಾಯಿಕ್ ಮಂತ್ರಗಳನ್ನು ಸುರುಳಿಯಾಗಿ ಬರೆದು, ಮನೆಯ ಹೊಸ್ತಿಲು ಮೂಲೆಗಳಲ್ಲಿ ಬೋರಲಾಗಿ ಹೂಳುತ್ತಿದ್ದರು. ಕೆಲವು ಮಂತ್ರಗಳ ವಿಧಾನ ವಿಲಕ್ಷಣವಾದುದು. ಮನೆಯೊಡೆಯನು ಲಿಲಿತಳಿಗೆ, ತನ್ನ ಹೆಂಡತಿಗೆ ಕೊಡುವಂತೆ, ವಿಧಿವತ್ತಾದ ವಿವಾಹವಿಚ್ಛೇದನ ಪತ್ರ ಕೊಟ್ಟು ಮನೆಯಿಂದ ಹೊರಗೆ ಕಳುಹಿಸುತ್ತಾನೆ. ಗರ್ಭ ನಿಲ್ಲದ, ಕೂಸು ಉಳಿಯದ ಮನೆಯವರ ಸಂಕಟ ಈ ಬಟ್ಟಲುಗಳ ಒಂದೊಂದು ಸುತ್ತಿನಲ್ಲಿಯೂ ಅಡಗಿದೆ. ಇಲ್ಲಿಯೂ ಲಿಲಿತ್ ಬಹುತೇಕ ಒಂದು ವರ್ಗದ ಹೆಸರೇ. ಗಂಡು ಲಿಲಿಗಳೂ ಹೆಣ್ಣು ಲಿಲಿತ್‌ಗಳೂ ಜೊತೆಜೊತೆಯಾಗಿ ಬರುತ್ತಾರೆ.

೪. ಕಥೆ ಹುಟ್ಟಿದ ಕಾಲ

ಹಾಗಾದರೆ ಮೊದಲ ಪತ್ನಿಯ ಕಥೆ ಎಲ್ಲಿಯದು? ಅದು ಪೂರ್ಣರೂಪದಲ್ಲಿ ಮೊದಲು ಕಾಣುವುದು ‘ಬೆನ್ ಸೀರನ ಅಕ್ಷರಮಾಲೆ’ ಎಂಬ ಹೀಬ್ರೂ ಕೃತಿಯಲ್ಲಿ. ಕರ್ತೃ ಅಜ್ಞಾತ, ಕಾಲ ಕ್ರಿ.ಶ. ೮ರಿಂದ ೧೦ನೆಯ ಶತಮಾನದ ಒಳಗೆ. ಮೊರಿಟ್ಸ್ ಸ್ಟೈನ್‌ಶ್ನೈಡರ್ ಇದನ್ನು ೧೮೫೮ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಪರಸ್ಪರ ಬಹಳ ಭಿನ್ನವಾಗಿರುವ ಇದರ ಹಸ್ತಪ್ರತಿಗಳನ್ನು ಹೋಲಿಸಿ ಏಲಿ ಯಾಸಿಫ್ ಅವರು ೧೯೮೪ರಲ್ಲಿ ವಿಮರ್ಶಾತ್ಮಕ ಆವೃತ್ತಿಯನ್ನು ಹೊರತಂದರು.

ನೆಬೂಕದ್ನೆಚ್ಚರ ರಾಜನ ಎಳೆಯ ಮಗ ಕಾಯಿಲೆ ಬಿದ್ದಾಗ ಬೆನ್ ಸೀರನು ಒಂದು ರಕ್ಷಾಪತ್ರ ಬರೆದುಕೊಡುತ್ತಾನೆ. ಅದರಲ್ಲಿರುವ ಹೆಸರುಗಳು ಯಾರವೆಂದು ರಾಜನು ಕೇಳಲು, ಉತ್ತರವಾಗಿ ಈ ಕಥೆ ಬರುತ್ತದೆ. ಆದಾಮನಂತೆ ಲಿಲಿತಳೂ ಮಣ್ಣಿನಿಂದ ಸೃಷ್ಟಿಯಾದಳು. ತಾವಿಬ್ಬರೂ ಸಮಾನರೆಂದು ವಾದಿಸಿ, ಅವನಿಗೆ ಮಣಿಯದೆ, ಉಚ್ಚರಿಸಬಾರದ ದೇವನಾಮವನ್ನು ಉಚ್ಚರಿಸಿ ಆಕಾಶಕ್ಕೆ ಹಾರಿಹೋದಳು. ಸೆನೋಯ್, ಸಾನ್ಸೆನೋಯ್, ಸೆಮಾಂಗೆಲೋಫ್ ಎಂಬ ಮೂವರು ದೇವದೂತರು ಸಮುದ್ರದಲ್ಲಿ ಅವಳನ್ನು ಹಿಡಿದರು. ಅವಳು ಹಿಂದಿರುಗಲು ಒಪ್ಪಲಿಲ್ಲ. ದಿನಕ್ಕೆ ತನ್ನ ನೂರು ಮಕ್ಕಳು ಸಾಯುವ ಶಿಕ್ಷೆಯನ್ನು ಸಹಿಸಿಕೊಂಡಳು. ದೂತರ ಹೆಸರುಗಳು ಬರೆದಿರುವ ಕಡೆ ಹಸುಗೂಸುಗಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಳು.

ಕಥೆಯ ಪ್ರಯೋಜನವನ್ನು ಅದರ ರಚನೆಯೇ ಹೇಳುತ್ತದೆ. ರಕ್ಷಾಪತ್ರ ಮೊದಲು ಬರುತ್ತದೆ, ಕಥೆ ಅದಕ್ಕೆ ವಿವರಣೆಯಾಗಿ ಬರುತ್ತದೆ. ಬಾಣಂತಿಯ ಕೋಣೆಯಲ್ಲಿ ಅದಾಗಲೇ ರೂಢಿಯಲ್ಲಿದ್ದ ಒಂದು ಆಚರಣೆಗೆ ಕಾರಣ ಕೊಡಲು ಇದನ್ನು ಹೆಣೆದಂತಿದೆ. ಅಲ್ಲದೆ ಈ ಕೃತಿಯ ಧ್ವನಿ ಪರಿಹಾಸ್ಯದ್ದು. ಪೂಜ್ಯರೆನಿಸಿದವರನ್ನೂ ಇದು ಬಿಡದೆ ಹಾಸ್ಯಮಾಡುತ್ತದೆ. ಇದನ್ನು ಅಳಿಸಿಹೋದ ಧರ್ಮಗ್ರಂಥದ ಅವಶೇಷವೆಂದು ಓದುವುದು ಕೃತಿಯ ಜಾತಿಯನ್ನೇ ತಿಳಿಯದ ಓದು. ಮುಂದೆ ೧೩ನೆಯ ಶತಮಾನದ ಸ್ಪೇನಿನಲ್ಲಿ, ಕಬ್ಬಾಲಾ ಎಂಬ ಯೆಹೂದ್ಯ ರಹಸ್ಯಶಾಸ್ತ್ರದ ಪ್ರಧಾನ ಗ್ರಂಥವಾದ ಜೋಹರ್ ರಚಿತವಾದಾಗ, ಲಿಲಿತ್ ದುಷ್ಟಶಕ್ತಿಗಳ ರಾಣಿಯ ಪದವಿಗೇರಿದಳು.

ಈಗ ಕಾಲಗಣನೆಯನ್ನು ನೋಡಬೇಕು. ಹೊಸ ಒಡಂಬಡಿಕೆಯ ೨೭ ಪುಸ್ತಕಗಳನ್ನು ಇಂದಿರುವಂತೆಯೇ ಪಟ್ಟಿಮಾಡಿದ ಅಥನಾಸಿಯಸನ ಪತ್ರ ಕ್ರಿ.ಶ. ೩೬೭ರದು. ಬೆನ್ ಸೀರನ ಕಥೆ ಅದಕ್ಕಿಂತ ಕನಿಷ್ಠ ಮುನ್ನೂರು ವರ್ಷ ಈಚಿನದು. ಹುಟ್ಟದ ಕಥೆಯನ್ನು ಅಳಿಸುವುದು ಯಾರಿಗೂ ಸಾಧ್ಯವಿಲ್ಲ.

೫. ಇತರ ಪಾತ್ರಗಳೊಡನೆ ಹೋಲಿಕೆ

ಎಲ್ಲ ಪಾತ್ರಗಳ ವಿಷಯದಲ್ಲಿಯೂ ಇದೇ ತೀರ್ಮಾನ ಸಲ್ಲುವುದಿಲ್ಲ. ಅಸ್ಮೊದೇಯನೆಂಬ ಭೂತ ತೋಬಿತನ ಗ್ರಂಥದಲ್ಲಿದ್ದಾನೆ. ಕುಮ್ರಾನಿನಲ್ಲಿ ಈ ಗ್ರಂಥದ ನಾಲ್ಕು ಅರಮಾಯಿಕ್ ಪ್ರತಿಗಳ ಮತ್ತು ಒಂದು ಹೀಬ್ರೂ ಪ್ರತಿಯ ತುಣುಕುಗಳು ದೊರೆತಿವೆ. ಹೀಬ್ರೂ ಶಾಸ್ತ್ರಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿಲ್ಲ. ೧೫೩೪ರ ಬೈಬಲಿನಲ್ಲಿ ಲೂಥರನು ಇದನ್ನು ಪ್ರತ್ಯೇಕಿಸಿಟ್ಟನು. ೧೫೪೬ರಲ್ಲಿ ಟ್ರೆಂಟಿನ ಕ್ಯಾಥೊಲಿಕ್ ಸಭೆ ಇದನ್ನು ಪ್ರಮಾಣವೆಂದು ಸ್ಥಿರಪಡಿಸಿತು. ಆದುದರಿಂದ ಅಸ್ಮೊದೇಯನು ಕ್ರೈಸ್ತ ಶಾಸ್ತ್ರದಲ್ಲಿರುವನೇ ಎಂಬ ಪ್ರಶ್ನೆಗೆ, ಯಾವ ಪಂಗಡದ ಶಾಸ್ತ್ರ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಹನೋಕನ ಗ್ರಂಥದ ಕಥೆ ಇನ್ನೂ ಬೋಧಪ್ರದ. ಪತಿತ ದೇವದೂತರ ಮತ್ತು ಅಜಾಜೇಲನ ವಿಸ್ತಾರವಾದ ವೃತ್ತಾಂತ ಅದರಲ್ಲಿದೆ. ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಅದರ ಮಾತನ್ನು ಉದಾಹರಿಸುತ್ತದೆ. ಆದರೂ ಗ್ರಂಥವು ಇತರ ಸಭೆಗಳಿಂದ ಹೊರಗುಳಿದು, ಇಥಿಯೋಪಿಯದ ಸಭೆಯಲ್ಲಿ ಮಾತ್ರ ಪ್ರಮಾಣವಾಗಿ ಉಳಿಯಿತು. ೧೭೭೩ರಲ್ಲಿ ಯುರೋಪಿಗೆ ಮರಳಿದ ಜೇಮ್ಸ್ ಬ್ರೂಸನು ಇದರ ಗೀಜ್ ಭಾಷೆಯ ಪ್ರತಿಗಳನ್ನು ತಂದನು. ೧೯೭೬ರಲ್ಲಿ ಮಿಲಿಕ್ ಅವರು ಕುಮ್ರಾನಿನ ಅರಮಾಯಿಕ್ ತುಣುಕುಗಳನ್ನು ಪ್ರಕಟಿಸಿದರು. ಇದು ನಿಜವಾಗಿಯೂ ಹೊರಗಿಟ್ಟ ಗ್ರಂಥ. ಗೋಲೆಮ್ ಲಿಲಿತಳಂತೆಯೇ: ೧೩೯ನೆಯ ಕೀರ್ತನೆಯಲ್ಲಿ ರೂಪುಗೊಳ್ಳದ ಪಿಂಡ ಎಂಬರ್ಥದಲ್ಲಿ ಒಮ್ಮೆ ಮಾತ್ರ ಬರುವ ಪದ, ೧೬೦೯ರಲ್ಲಿ ತೀರಿಕೊಂಡ ಪ್ರಾಗಿನ ರಬ್ಬಿ ಲೋಎವ್ ಮಣ್ಣಿನ ಮನುಷ್ಯನನ್ನು ಮಾಡಿದನೆಂಬ ಕಥೆ ಪ್ರಚಾರಕ್ಕೆ ಬಂದುದು ೧೯ನೆಯ ಶತಮಾನದಲ್ಲಿ.

೬. ಉಪಸಂಹಾರ

ಶಾಸ್ತ್ರದಲ್ಲಿ ಇಲ್ಲದ ಮಾತ್ರಕ್ಕೆ ಕ್ರೈಸ್ತರ ಮನೆಗಳಲ್ಲಿ ಆ ಭಯವಿರಲಿಲ್ಲವೆಂದು ತಿಳಿಯಬಾರದು. ಗ್ರೀಕ್ ಕ್ರೈಸ್ತರಲ್ಲಿ ಕೂಸುಗಳನ್ನು ಕೊಲ್ಲುವ ಗಿಲ್ಲೂ ಎಂಬವಳನ್ನು ಸಂತ ಸಿಸಿನ್ನಿಯಸನು ತನ್ನ ಸೋದರರೊಡನೆ ಅಟ್ಟಿ ಹಿಡಿಯುವ ಕಥೆ ತಾಯಿತಗಳಲ್ಲಿ ಹರಡಿತು. ಇಥಿಯೋಪಿಯದಲ್ಲಿ ಸೂಸ್ನ್ಯೋಸ್ ಸಂತನು ವೆರ್ಜೆಲ್ಯಾ ಎಂಬವಳನ್ನು ಕೊಲ್ಲುವ ಕಥೆಯನ್ನು ಚರ್ಮದ ಸುರುಳಿಗಳಲ್ಲಿ ಬರೆದು ಗರ್ಭಿಣಿಯರಿಗೆ ಕೊಡುತ್ತಿದ್ದರು. ಸಿಸಿನ್ನಿಯಸ್, ಸೆನೋಯ್, ಸಾನ್ಸೆನೋಯ್ ಎಂಬ ಹೆಸರುಗಳ ಧ್ವನಿಸಾಮ್ಯ ಆಕಸ್ಮಿಕವಲ್ಲವೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ತಾಯಂದಿರ ಭಯಕ್ಕೆ ಮತದ ಎಲ್ಲೆ ಇರಲಿಲ್ಲ. ಮಂತ್ರವು ನೆರೆಮನೆಯಿಂದ ನೆರೆಮನೆಗೆ ದಾಟಿತು.

ಮೇಲ್ಕಂಡ ಸಾಕ್ಷ್ಯಗಳಿಂದ ಸಿದ್ಧವಾಗುವುದಿಷ್ಟು. ಲಿಲಿತ್ ಎಂಬ ಪದ ಶಾಸ್ತ್ರಗ್ರಂಥದಲ್ಲಿತ್ತು, ಈಗಲೂ ಇದೆ. ಭಾಷಾಂತರಗಳು ಅದನ್ನು ಮರೆಮಾಡಿದವು, ಲಿಪಿಕಾರರು ಮರೆಮಾಡಲಿಲ್ಲ. ಲಿಲಿತಳ ಕಥೆ ಶಾಸ್ತ್ರಗ್ರಂಥದಲ್ಲಿ ಎಂದೂ ಇರಲಿಲ್ಲ. ಅದು ಶಾಸ್ತ್ರ ಸ್ಥಿರವಾದ ಮೇಲೆ ಹುಟ್ಟಿದುದು. ಇದರಿಂದ ಕಥೆಯ ಬೆಲೆ ಕುಂದುವುದಿಲ್ಲ. ತನ್ನದಲ್ಲದ ಪ್ರಾಚೀನತೆಯನ್ನು ಆರೋಪಿಸದೆಯೇ ಅದು ಗೌರವಕ್ಕೆ ಅರ್ಹವಾಗಿದೆ. ಮಹಾಗ್ರಂಥಗಳ ಪ್ರತಿಗಳನ್ನು ಮಾತ್ರ ಕಾಪಾಡಿ, ಹೊಸ್ತಿಲ ಬಟ್ಟಲನ್ನೂ ಬಾಣಂತಿಯ ಕೊರಳ ತಾಯಿತವನ್ನೂ ಕ್ಷುದ್ರವೆಂದು ಎಸೆದಿದ್ದರೆ ಈ ಇತಿಹಾಸವನ್ನು ಬರೆಯುವುದು ಸಾಧ್ಯವಾಗುತ್ತಿರಲಿಲ್ಲ. ಭಂಡಾರಗಳಲ್ಲಿ ಸೂಚಿಗೆ ಸೇರದೆ ಉಳಿದ ಬಿಡಿಗರಿಗಳನ್ನು ಎತ್ತಿ ನೋಡುವವರು ಇದನ್ನು ನೆನಪಿಡುವುದು ಒಳಿತು.