ಫ್ರಿಕಿ ಗೀಕ್ ಆದ ಬಗೆ

1984ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ರಿವೆಂಜ್ ಆಫ್ ದ ನರ್ಡ್ಸ್’ ಚಿತ್ರಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಹೆಸರು. ಲ್ಯಾಟಿನ್ ಅಮೆರಿಕದವರು ನರ್ಡ್ ಪದವನ್ನು ಮುಟ್ಟದೆ ‘ಲಾ ವೆಂಗಾನ್ಸಾ ದೆ ಲೊಸ್ ನರ್ಡ್ಸ್’ ಎಂದರು. ಸ್ಪೇನಿನಲ್ಲಿ ಅದು ‘ಲಾ ರೆವಾಂಚಾ ದೆ ಲೊಸ್ ನೊವಾತೊಸ್’ ಆಯಿತು, ಅಂದರೆ ಕಾಲೇಜಿಗೆ ಹೊಸದಾಗಿ ಸೇರಿದವರ ಸೇಡು. ದಪ್ಪ ಕನ್ನಡಕ, ಕಂಪ್ಯೂಟರಿನ ಗೀಳು, ಹುಡುಗಿಯರ ಎದುರು ತಡವರಿಸುವ ನಾಲಿಗೆ ಎಲ್ಲ ಸೇರಿದ ಆ ಅಮೆರಿಕನ್ ನಮೂನೆಗೆ ಸ್ಪೇನಿನಲ್ಲಿ ಆಗಿನ್ನೂ ಸರಿಹೊಂದುವ ಹೆಸರಿರಲಿಲ್ಲ. ಇದ್ದದ್ದು ‘ಎಂಪೊಯೋನ್’. ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಪುಸ್ತಕದ ಮೇಲೆ ಕೂತು ಏಳದವನು, ಹೆಚ್ಚುಕಡಿಮೆ ನಮ್ಮ ಕಾಲೇಜುಗಳ ‘ಕುಡುಮಿ’. ಪೆರುವಿನ ‘ಚಂಕೋನ್’, ಚಿಲಿಯ ‘ಮತೇಯೊ’, ಅರ್ಜೆಂಟೀನಾದ ‘ತ್ರಾಗಾ’ ಇವೂ ಅದೇ ಬಳಗದವು. ಆದರೆ ಕುಡುಮಿ ಓದುವುದು ಪರೀಕ್ಷೆಗೆ. ನರ್ಡ್ ತನ್ನನ್ನು ಹಿಡಿದ ವಿಷಯದಲ್ಲಿ ಒಂದು ಅಂಕ ಸಿಗದಿದ್ದರೂ ಮುಳುಗಿರುತ್ತಾನೆ. ಹೀಗಾಗಿ ಈ ಬಗೆಯ ಅಡ್ಡಹೆಸರುಗಳನ್ನು ಅನುವಾದಿಸುವಾಗ ನಿಘಂಟಿನ ನೆರವು ಬಹಳ ದೂರ ಬರುವುದಿಲ್ಲ. ಹಾಗೆ ಕರೆಸಿಕೊಂಡವರು ಯಾರು, ಅವರು ಆ ಹೆಸರನ್ನು ಏನು ಮಾಡಿಕೊಂಡರು ಎಂಬ ಚರಿತ್ರೆಯೇ ಎರಡು ಪದಗಳನ್ನು ಸಮಾನಪದಗಳಾಗಿಸುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಸಾಕ್ಷಿ ‘ಫ್ರಿಕಿ’. ಇಂದು ಸ್ಪೇನಿನಲ್ಲಿ ಗೀಕ್ ಎನ್ನುವುದಕ್ಕೆ ಸಲೀಸಾಗಿ ಬಳಕೆಯಾಗುವ ಪದ ಇದು. ಹುಟ್ಟಿನಿಂದ ಇವೆರಡಕ್ಕೂ ನಂಟಿಲ್ಲ. ಗೀಕ್‌ನ ಬೇರು ಡಚ್ ಮತ್ತು ಜರ್ಮನ್ ಕಡೆಯದು, ಮೂಲಾರ್ಥ ‘ಪೆದ್ದ’. ಫ್ರಿಕಿ ಇಂಗ್ಲಿಷಿನ ‘ಫ್ರೀಕಿ’ಯಿಂದ ಬಂದದ್ದು. ಆದರೆ ಇಬ್ಬರೂ ಒಂದೇ ಡೇರೆಯಲ್ಲಿ ಬಾಳಿದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಊರೂರು ಸುತ್ತುವ ಮೋಜಿನ ಮೇಳಗಳಲ್ಲಿ ಗೀಕ್ ಎಂದರೆ ಜೀವಂತ ಕೋಳಿಯ ಕುತ್ತಿಗೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ತೋರಿಸುವವನು. ವಿಲಿಯಂ ಲಿಂಡ್ಸೆ ಗ್ರೆಶಮ್ 1946ರ ‘ನೈಟ್‌ಮೇರ್ ಆ್ಯಲಿ’ ಕಾದಂಬರಿಯಲ್ಲಿ ಚಿತ್ರಿಸಿದ್ದು ಇವನನ್ನೇ. ಪಕ್ಕದ ವೇದಿಕೆಯಲ್ಲಿ ನಿಲ್ಲುತ್ತಿದ್ದವರು ಫ್ರೀಕ್‌ಗಳು, ಅಂದರೆ ದೇಹರಚನೆಯಲ್ಲಿ ಬೇರೆಯಾಗಿದ್ದ ಜನ. ಅವರ ಕುರಿತ ಟಾಡ್ ಬ್ರೌನಿಂಗ್‌ನ 1932ರ ಚಿತ್ರ ‘ಫ್ರೀಕ್ಸ್’ ಸ್ಪೇನಿನಲ್ಲಿ ‘ಲಾ ಪರಾದಾ ದೆ ಲೊಸ್ ಮೊನ್ಸ್ತ್ರುವೊಸ್’ ಆಯಿತು: ರಾಕ್ಷಸರ ಮೆರವಣಿಗೆ! ಡೇರೆಗಳು ಹೋದವು, ಟಿ.ವಿ. ಬಂತು. 1997ರಿಂದ 2005ರವರೆಗೆ ತೆಲೆಸಿಂಕೊ ವಾಹಿನಿಯಲ್ಲಿ ತಡರಾತ್ರಿ ನಡೆದ ‘ಕ್ರೋನಿಕಾಸ್ ಮಾರ್ಸಿಯಾನಾಸ್’ನಂಥ ಕಾರ್ಯಕ್ರಮಗಳು ವಿಲಕ್ಷಣ ವ್ಯಕ್ತಿಗಳನ್ನು ಕರೆತಂದು ಕೂರಿಸಿ ನಾಡನ್ನು ನಗಿಸಿದವು. ಅವರಿಗೂ ಫ್ರಿಕಿ ಎಂದೇ ಹೆಸರು. ಪದ ಮಗ್ಗುಲು ಬದಲಿಸಿದ್ದು 2006ರ ಮೇ 25ರಂದು. ಹಿಂದೆ ಮೊದಲ ಸ್ಟಾರ್ ವಾರ್ಸ್ ಚಿತ್ರ ಬಿಡುಗಡೆಯಾಗಿದ್ದ ತಾರೀಖನ್ನೇ ಆರಿಸಿಕೊಂಡು ಸ್ಪೇನಿನ ಅಭಿಮಾನಿಗಳು ಮೊದಲ ‘ಫ್ರಿಕಿ ಹೆಮ್ಮೆಯ ದಿನ’ ಆಚರಿಸಿದರು. ಮ್ಯಾಡ್ರಿಡ್‌ನಲ್ಲಿ ಸುಮಾರು 300 ಮಂದಿ ಸೇರಿ ಜನರನ್ನೇ ಕಾಯಿಗಳಾಗಿಸಿ ಪ್ಯಾಕ್‌ಮ್ಯಾನ್ ಆಡಿದರು. ಎರಡು ವರ್ಷದಲ್ಲಿ ಹಬ್ಬ ಅಟ್ಲಾಂಟಿಕ್ ದಾಟಿತು. ಅಲ್ಲಿನವರು ಅದನ್ನು ಫ್ರೀಕ್ ದಿನ ಎನ್ನಲಿಲ್ಲ, ‘ಗೀಕ್ ಪ್ರೈಡ್ ಡೇ’ ಎಂದರು. ಇಂಗ್ಲಿಷಿನಿಂದ ಸಾಲ ಪಡೆದ ಪದ ಬೇರೊಂದು ಇಂಗ್ಲಿಷ್ ಪದವಾಗಿ ತವರಿಗೆ ಮರಳಿತು, ಯಾರೂ ತಪ್ಪು ಎನ್ನಲಿಲ್ಲ. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು 2014ರ 23ನೇ ಮುದ್ರಿತ ಆವೃತ್ತಿಯಲ್ಲಿ ಫ್ರಿಕಿಗೆ ಜಾಗ ಕೊಡುವ ಹೊತ್ತಿಗೆ ಬೀದಿಯಲ್ಲಿ ತೀರ್ಪು ಬಂದಾಗಿತ್ತು.

ಡಾನ್ ಕ್ವಿಕ್ಸೋಟನ ಭಾಷೆಗೆ ಹುಚ್ಚರ ಬರವೇ, ಸಾಲ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಓದಿ ಓದಿ ತಲೆಕೆಟ್ಟವರ ಪೈಕಿ 1605ರ ಆ ಮಹಾಶಯನಿಗೆ ಸಾಟಿಯಿಲ್ಲ, ಅವನ ಹೆಸರಿನಿಂದ ಇಂಗ್ಲಿಷೇ ಒಂದು ವಿಶೇಷಣ ಮಾಡಿಕೊಂಡಿದೆ. ‘ಚಿಫ್ಲಾದೊ’, ‘ರಾರೊ’ ಎಂಬ ಅಪ್ಪಟ ಸ್ಪ್ಯಾನಿಷ್ ಪದಗಳೂ ಬಳಕೆಯಲ್ಲಿವೆ. ಆದರೆ ಚಿಫ್ಲಾದೊ ಒಬ್ಬಂಟಿ, ಊರಿನವರು ಅವನ ತಲೆಯ ಬಗ್ಗೆ ಕೊಟ್ಟ ತೀರ್ಪು ಅದು. ಫ್ರಿಕಿಗೆ ಹವ್ಯಾಸವಿದೆ, ತನ್ನಂಥವರ ಗುಂಪಿದೆ, ವರ್ಷಕ್ಕೊಂದು ಹಬ್ಬವೂ ಇದೆ. ಅವನು ತನ್ನನ್ನು ತಾನೇ ಹಾಗೆ ಕರೆದುಕೊಳ್ಳಬಲ್ಲ.

ಹಾಗಿದ್ದರೆ ಫ್ರಿಕಿ ಕಂಡಲ್ಲೆಲ್ಲ ಗೀಕ್ ಎಂದು ಬರೆದರಾಯಿತೇ? ಕ್ಯೂಬಾದ ಮಟ್ಟಿಗೆ ಅದು ಘೋರ ತಪ್ಪಾಗುತ್ತದೆ. ಅಲ್ಲಿ 1980ರ ದಶಕದಿಂದ ‘ಫ್ರಿಕಿ’ಗಳೆಂದರೆ ರಾಕ್, ಪಂಕ್ ಸಂಗೀತಕ್ಕೆ ಮನಸೋತ ಉದ್ದ ಕೂದಲಿನ ಹುಡುಗ ಹುಡುಗಿಯರು, ಪೊಲೀಸರ ಕಿರುಕುಳ ಉಂಡವರು. ಸೋವಿಯತ್ ಒಕ್ಕೂಟ ಕುಸಿದು ದ್ವೀಪದಲ್ಲಿ ಅನ್ನಕ್ಕೆ ತತ್ವಾರವಾದಾಗ ಅವರಲ್ಲಿ ಕೆಲವರು ಎಚ್‌ಐವಿ ಸೋಂಕಿನ ರಕ್ತವನ್ನು ಬೇಕೆಂದೇ ಚುಚ್ಚಿಕೊಂಡರು. ಸೋಂಕಿತರಿಗೆಂದು ಸರ್ಕಾರ ನಡೆಸುತ್ತಿದ್ದ ಆರೋಗ್ಯಧಾಮಗಳಲ್ಲಿ ಊಟವಿತ್ತು, ಗಿಟಾರ್ ನುಡಿಸಿದರೆ ತಡೆಯುವವರಿರಲಿಲ್ಲ. ಆ ಯುವಕರ ಕಥೆಯನ್ನು ಇಂಗ್ಲಿಷಿಗೆ ತರುವ ಅನುವಾದಕ ಗೀಕ್ ಎಂದು ಬರೆದರೆ, ಓದುಗ ಕಾಮಿಕ್ಸ್ ಸಂಗ್ರಹಿಸುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳುತ್ತಾನೆ. ಅಲ್ಲಿ ಫ್ರಿಕಿಯನ್ನು ಫ್ರಿಕಿಯಾಗಿಯೇ ಉಳಿಸಿ, ಅವರು ಯಾರೆಂದು ಎರಡು ಸಾಲು ಹೆಚ್ಚಿಗೆ ಬರೆಯುವುದೇ ಸರಿ.