ಆಟದ ಬಯಲಿನ ನೂರು ವರ್ಷ

ಶತಮಾನೋತ್ಸವ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನು ಸಂಗ್ರಹಿಸುತ್ತಿದ್ದಾಗ ನಾವು ಒಂದು ಸಂಗತಿಯನ್ನು ಗಮನಿಸಿದೆವು. ಪಾಠಗಳನ್ನು ಮರೆತವರೂ ಆಟದ ಬಯಲನ್ನು ಮರೆತಿರಲಿಲ್ಲ. ಅರುವತ್ತು ದಾಟಿದ ಹಿರಿಯ ವಿದ್ಯಾರ್ಥಿನಿಯೊಬ್ಬರು, "ನನಗೆ ಆಟ ಬರುವುದಿಲ್ಲವೆಂದು ಗೊತ್ತಾದದ್ದು ಈ ಬಯಲಿನಲ್ಲೇ ಮೇಡಂ" ಎಂದು ನಕ್ಕರು. ಅವರಿಗೆ ಈಗ ಸಕ್ಕರೆ ಕಾಯಿಲೆ. ದಿನವೂ ನಡೆಯಿರೆಂದು ವೈದ್ಯರು ಹೇಳಿದರೂ ಕಾಲು ಮುಂದಕ್ಕೆ ಬರುವುದಿಲ್ಲವಂತೆ. ಬಯಲಿನ ಚರಿತ್ರೆಯನ್ನು ಬರೆಯುವ ಹೊಣೆಯನ್ನು ನಾವು ಕೇಳಿ ಪಡೆದುದಕ್ಕೆ ಆ ನಗುವೇ ಕಾರಣ.

ಧರ್ಮಪುರಿಯಿಂದ ತೊಪ್ಪೂರು ಘಾಟಿಯತ್ತ ಸಾಗುವ ಸೇಲಂ ಹೆದ್ದಾರಿಯಲ್ಲಿರುವ ನಮ್ಮ ನಲ್ಲಂಪಳ್ಳಿ ಹಿಂದಿನ ಬಾರಾಮಹಲಿಗೆ ಸೇರಿದ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ನಾಡು ಟಿಪ್ಪುವಿನ ಕೈಬಿಟ್ಟು ಕಂಪನಿಯ ವಶವಾಯಿತು. ಮುಂದೆ ಸೇಲಂ ಜಿಲ್ಲೆಯ ಭಾಗವಾಗಿದ್ದು, 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಆದ್ದರಿಂದ ನುಡಿ ಕನ್ನಡವಾದರೂ ಇಲ್ಲಿನ ಶಾಲೆಗಳ ಪದ್ಧತಿ ಮದರಾಸಿನದು. ಆ ಕಾಲದ ಶಾಲೆಗಳಲ್ಲಿ ಅಂಗಸಾಧನೆಯೆಂದರೆ ಡ್ರಿಲ್. ಎಷ್ಟೋ ಕಡೆ ಅದನ್ನು ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದವರು. ಸಾಲು, ಸೀಟಿ, ಆಜ್ಞೆ; ತಪ್ಪಿದರೆ ಬಸ್ಕಿ.

1920ರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದೊಯ್ದವರೂ ಅವರೇ. ಆಟಗಳ ನಿಯಮಗಳನ್ನು ಅವರು ಪುಸ್ತಕವಾಗಿ ಹೊರತಂದರು. ತರಬೇತಿ ಪಡೆದ ಶಿಕ್ಷಕರು ಇಂತಹ ಸಂಸ್ಥೆಗಳಿಂದ ಹೊರಬಂದ ಮೇಲೆ ಡ್ರಿಲ್ಲಿನ ಪಕ್ಕದಲ್ಲಿ ಆಟಕ್ಕೂ ಒಂದು ಸ್ಥಾನ ದೊರೆಯಿತು. ನಮ್ಮ ಮಕ್ಕಳಿಗಂತೂ ಆಟವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮನೆಯಲ್ಲಿ ಚಿನ್ನಿದಾಂಡು ಎಂದುದನ್ನೇ ಬೀದಿಯಲ್ಲಿ ಕಿಟ್ಟಿಪುಳ್ ಎನ್ನುತ್ತಿದ್ದರು, ಕಬಡ್ಡಿ ಸಡುಗುಡುವಾಗುತ್ತಿತ್ತು. ಉಸಿರು ಹಿಡಿಯುವುದು ಎರಡು ಭಾಷೆಗಳಲ್ಲಿಯೂ ಒಂದೇ.

ಗಡಿಯಾಚೆಯ ಮೈಸೂರು ಸಂಸ್ಥಾನದಲ್ಲಿ ಗರಡಿಮನೆಗಳ ಪರಂಪರೆಯಿತ್ತು. ಬೆಂಗಳೂರಿನಲ್ಲಿ 'ಶಾಂತಲಾ' ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರು ಬಾಲಕರಿಗೆ ಯೋಗಾಸನ ಕಲಿಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ರೋಗಪೀಡಿತ ಬಾಲಕನೊಬ್ಬನು 1934ರಲ್ಲಿ ಅಲ್ಲಿಗೆ ಬಂದನು. ಗುರು ಅವನ ಅಕ್ಕನ ಗಂಡ. ಶಿಕ್ಷಣವೋ ಬಹು ಕಠಿಣ. ಆ ಬಾಲಕನೇ ಬಿ.ಕೆ.ಎಸ್. ಅಯ್ಯಂಗಾರ್. ತೊಂಬತ್ತು ದಾಟಿದ ಮೇಲೂ ಅವರು ಅಭ್ಯಾಸವನ್ನು ಬಿಡಲಿಲ್ಲ. ಬಾಲ್ಯದ ದಂಡನೆಯು ವ್ಯಾಯಾಮದ ಮೇಲೆ ಜಿಗುಪ್ಸೆಯನ್ನೇ ಹುಟ್ಟಿಸುತ್ತದೆಂಬ ಮಾತಿಗೆ ಈ ಜೀವನವು ಪ್ರತಿಸಾಕ್ಷಿಯಂತೆ ತೋರಬಹುದು. ಆದರೆ ಅಂತಹವರು ಲಕ್ಷಕ್ಕೊಬ್ಬರು. ಶಾಲೆ ನಡೆಸುವವರು ಉಳಿದವರನ್ನು ಲೆಕ್ಕಿಸಬೇಕಾಗುತ್ತದೆ.

ಉಳಿದವರ ವಿಷಯದಲ್ಲಿ ವಿದ್ವಾಂಸರು ಈಚೆಗೆ ಸಾಕಷ್ಟು ಶೋಧಿಸಿದ್ದಾರೆ. ಫಿನ್ಲೆಂಡಿನಲ್ಲಿ 1980ರಿಂದ ಮಕ್ಕಳ ಒಂದು ದೊಡ್ಡ ಸಮೂಹವನ್ನು ಪ್ರೌಢ ವಯಸ್ಸಿನವರೆಗೂ ಅನುಸರಿಸಿ ನೋಡಿದರು. ವರ್ಷಾನುವರ್ಷ ಬಿಡದೆ ಚಟುವಟಿಕೆಯಿಂದಿದ್ದ ಮಕ್ಕಳು ದೊಡ್ಡವರಾದಾಗಲೂ ಹಾಗಿರುವ ಸಾಧ್ಯತೆ ಹೆಚ್ಚೆಂದು ತಿಳಿದುಬಂದಿತು. ಅಮೆರಿಕದ ಅಯೋವಾದಲ್ಲಿ ಮ್ಯಾಥ್ಯೂ ಲ್ಯಾಡ್ವಿಗ್ ಮತ್ತು ಸಂಗಡಿಗರು ಸಾವಿರಕ್ಕೂ ಮೇಲ್ಪಟ್ಟ ವಯಸ್ಕರನ್ನು ಶಾಲೆಯ ವ್ಯಾಯಾಮದ ನೆನಪುಗಳ ಬಗೆಗೆ ವಿಚಾರಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವಮಾನದ ನೆನಪು ಹಲವರಲ್ಲಿತ್ತು. ಆ ಅವಧಿ ಮುಗಿದುದೇ ಅತ್ಯುತ್ತಮ ನೆನಪೆಂದವರೂ ಇದ್ದರು. ಬಾಲ್ಯದ ಅಸಂತೋಷಕ್ಕೂ ಈಗಿನ ಕುಳಿತೇ ಇರುವ ರೂಢಿಗೂ ಅಲ್ಪವಾದರೂ ಸ್ಪಷ್ಟವಾದ ನಂಟು ಕಂಡಿತು. ನೆನಪು ಪೂರ್ಣ ವಿಶ್ವಾಸಾರ್ಹ ಸಾಕ್ಷಿಯಲ್ಲ, ನಿಜ. ಆದರೂ ಅದನ್ನು ಓದಿದಾಗ ನಮ್ಮ ಹಿರಿಯ ವಿದ್ಯಾರ್ಥಿನಿಯ ನಗು ನಮಗೆ ಮತ್ತೆ ಕೇಳಿಸಿತು.

ಅವರ ಕಾಲದಲ್ಲಿ ತಂಡದ ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದು ವಾಡಿಕೆ. ಕೊನೆಗೆ ಉಳಿದವಳನ್ನು ಯಾವ ತಂಡ ಸೇರಿಸಿಕೊಳ್ಳಬೇಕೆಂದು ಜಗಳ. ಹುಡುಗಿಯರು ದೊಡ್ಡವರಾದ ಮೇಲೆ ಬಯಲಿನಿಂದಲೇ ದೂರ; ಮರದ ನೆರಳಲ್ಲಿ ಕುಳಿತು ಹುಡುಗರ ಆಟ ನೋಡುವುದು. ಇದು ಕೇವಲ ನಮ್ಮ ಊರಿನ ಕಥೆಯಲ್ಲ. 11ರಿಂದ 17 ವಯಸ್ಸಿನ ಮಕ್ಕಳಲ್ಲಿ ಸಾಕಷ್ಟು ಚಟುವಟಿಕೆಯಿಲ್ಲದವರು ಹುಡುಗಿಯರಲ್ಲಿ ನೂರಕ್ಕೆ 85, ಹುಡುಗರಲ್ಲಿ 78 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಮುಖ್ಯೋಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ ಹತ್ತನೆಯ ತರಗತಿಯ ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟವರು ನಾವೇ. ತಡವಾಗಿ ಬಂದವರಿಗೆ ಬಯಲನ್ನು ಮೂರು ಸುತ್ತು ಓಡುವ ಶಿಕ್ಷೆಗೂ ನಮ್ಮ ಸಹಿಯಿತ್ತು. ಓಟವನ್ನು ಶಿಕ್ಷೆಯೆಂದು ಕಲಿಸಿ, ಮುಂದೆ ಅದೇ ಮಕ್ಕಳು ಆರೋಗ್ಯಕ್ಕಾಗಿ ಓಡಲೆಂದು ಬಯಸುವುದು ಎಂತಹ ನ್ಯಾಯ?

ಈ ವರ್ಷ ಆ ಅವಧಿಯನ್ನು ವೇಳಾಪಟ್ಟಿಗೆ ಮರಳಿ ಸೇರಿಸಿದ್ದೇವೆ. ಓಟದ ಶಿಕ್ಷೆಯನ್ನು ಕೈಬಿಟ್ಟಿದ್ದೇವೆ. ತಂಡಗಳನ್ನು ಹಾಜರಿ ಸಂಖ್ಯೆಯ ಸಮ ಬೆಸದಂತೆ ಹಂಚಲಾಗುತ್ತದೆ. ಬೀದಿಗಿಂತ ಈ ಬಯಲೇ ವಾಸಿಯೆಂದು ಆ ಹಿರಿಯ ವಿದ್ಯಾರ್ಥಿನಿ ಈಗ ಸಂಜೆ ಇಲ್ಲಿಗೆ ಬಂದು, ಲಗೋರಿ ಆಡುವ ಮಕ್ಕಳನ್ನು ಬಳಸಿಕೊಂಡು ಎರಡು ಸುತ್ತು ನಡೆಯುತ್ತಾರೆ. ಚೆಂಡು ಅವರ ಕಡೆ ಉರುಳಿ ಬಂದರೆ ಎತ್ತಿ ಎಸೆಯುತ್ತಾರೆ.